ಮೂವತ್ತಾರನೆಯ ಫೋಟೋ

"ಗುರುಗಳೇ, ಫಲ ಕೊಡದ ಆಟದಲ್ಲಿ ಕಳೆದ ದಿನಗಳು ವ್ಯರ್ಥವಲ್ಲವೇ?" ಎಂದು ಶಿಷ್ಯ ಕೇಳಿದ.

ಎಲೆ, ತೊಗಟೆ, ಹೂವುಗಳಿಂದ ಶಾಯಿ ಮಾಡುವ ಹುಚ್ಚು ಅವನಿಗೆ ಹಿಡಿದಿತ್ತು. ಒಂದು ಮಳೆಗಾಲವೆಲ್ಲ ಕುದಿಸಿ, ಅರೆದು, ಸೋಸಿ ನೋಡಿದ್ದ. ಒಂದು ಶಾಯಿಯೂ ಕಾಗದದ ಮೇಲೆ ನಿಲ್ಲಲಿಲ್ಲ. ಮಠದ ಹಿರಿಯರು ನಕ್ಕಿದ್ದರು. ಅವನು ಮಡಕೆಗಳನ್ನೆಲ್ಲ ತೊಳೆದು ಬೋರಲು ಹಾಕಿ ಬಂದಿದ್ದ. ಗುರುಗಳು ಅವನ ಬೆರಳುಗಳ ಕಲೆ ನೋಡಿದರು, ಕೂರು ಎಂದರು, ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಯಾರೋ ಅವನ ಅಂಗಡಿಯಲ್ಲಿ ಒಂದು ಹಳೆಯ ಕ್ಯಾಮೆರಾ ಕೊಟ್ಟು, ಸರಿ ಮಾಡಿಡಿ ಎಂದು ಹೇಳಿ ಹೋದರು. ಹೋದವರು ಬರಲೇ ಇಲ್ಲ. ಮೂರು ವರ್ಷ ಕಾದ ಮೇಲೆ ಅವನು ಅದಕ್ಕೆ ರೀಲು ಹಾಕಿದ. ಒಂದು ರೀಲಿಗೆ ಮೂವತ್ತಾರು ಫೋಟೋ.

ಅಂಗಡಿಯಲ್ಲಿ ಅವನು ಕೂದಲೆಳೆಯಷ್ಟೂ ತಪ್ಪು ಮಾಡುವಂತಿರಲಿಲ್ಲ. ಮನೆಗೆ ಬಂದು ಕ್ಯಾಮೆರಾ ಹಿಡಿದರೆ ಬೇಕೆಂದೇ ತಪ್ಪು ಮಾಡುತ್ತಿದ್ದ. ಬಳೆಯ ಚೂರನ್ನು ಮಸೂರಕ್ಕೆ ಅಡ್ಡ ಹಿಡಿದು ತೆಗೆದ. ಗಡಿಯಾರ ನೋಡಲು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಮುಂದಿಟ್ಟು ತೆಗೆದ. ರೀಲು ಸುತ್ತದೆ ಎರಡು ಸಲ ಒತ್ತಿದರೆ ಒಂದರ ಮೇಲೊಂದು ಚಿತ್ರ ಕೂರುತ್ತದೆ ಎಂದು ಗೊತ್ತಾದ ದಿನ ಖುಷಿಗೆ ಅವನಿಗೆ ಊಟ ಸೇರಲಿಲ್ಲ. ಈ ಎಲ್ಲ ಚಿತ್ರಗಳಲ್ಲೂ ಇದ್ದವಳು ಅವನ ಹೆಂಡತಿ. ಅವರಿಗೆ ಮಕ್ಕಳಿರಲಿಲ್ಲ. ಇಬ್ಬರೇ ಸೇರಿ ಮಕ್ಕಳಾಟಿಕೆ ಮಾಡುತ್ತಿದ್ದರು.

ರೀಲು ತೊಳೆದುಕೊಡುವ ಸ್ಟುಡಿಯೋದವನಿಗೆ ಇದು ತಲೆನೋವಾಗಿತ್ತು. ಮಂಗನ ಕೈಗೆ ಮಾಣಿಕ್ಯ ಸಿಕ್ಕಂತಾಯಿತು ಎಂದು ಆಡಿಕೊಳ್ಳುತ್ತಿದ್ದ, ಮತ್ತೆ ಕೈ ಅಲುಗಿಸಿದ್ದೀರಿ ಎಂದು ಪ್ರತಿ ಸಲವೂ ಗೊಣಗುತ್ತಿದ್ದ. ಗಂಡ ಹೆಂಡತಿ ಇಬ್ಬರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಫೋಟೋ ಬಂದ ದಿನ ಕಟ್ಟೆಯ ಮೇಲೆ ಕೂತು ಒಂದೊಂದನ್ನೇ ತೆಗೆದು, ಇದು ನಿನ್ನ ಕಿವಿ, ಅಲ್ಲ ಅದು ದಾಸವಾಳ ಎಂದು ಜಗಳವಾಡುತ್ತಿದ್ದರು. ಹೇಗೆ ತೆಗೆದದ್ದು ಎಂಬುದು ಮರೆಯದಿರಲೆಂದು ಅವಳು ಪ್ರತಿಯೊಂದರ ಹಿಂಬದಿಗೆ ಪೆನ್ಸಿಲಿನಿಂದ ಬರೆದಿಡುತ್ತಿದ್ದಳು. ಮಾಡಿದವನು ತಾನೇ ಆದ್ದರಿಂದ ಅವನು ಅದನ್ನೆಂದೂ ಓದಲಿಲ್ಲ.

ಅವರಲ್ಲಿ ಒಂದು ಒಪ್ಪಂದವಿತ್ತು. ಮೂವತ್ತೈದು ಫೋಟೋ ಆಟಕ್ಕೆ, ಮೂವತ್ತಾರನೆಯದು ಅವಳ ಸರಿಯಾದ ಫೋಟೋಗೆ. ಆ ದಿನ ಅವಳು ತಲೆ ಬಾಚಿ, ಇಳಕಲ್ ಸೀರೆ ಉಟ್ಟು, ಗೋಡೆಗೆ ಆನಿಸಿದ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದಳು. ಅವನು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದ. ಎರಡು ಎನ್ನುವಷ್ಟರಲ್ಲಿ ಅವಳಿಗೆ ಏನೋ ಹೊಳೆಯುತ್ತಿತ್ತು.

"ತಡೀರಿ, ಈ ಸಲ ನಾ ಗೋಣು ತಿರುಗಸ್ತೀನಿ. ಏನ್ ಬರ್ತದ ನೋಡೂಣು" ಎನ್ನುತ್ತಿದ್ದಳು.

ಅವನು ಬೇಡ ಎನ್ನುತ್ತಿರಲಿಲ್ಲ. ಮೂರು ಎನ್ನುತ್ತಿದ್ದ. ಹೀಗೆ ಒಂಬತ್ತು ವರ್ಷದಲ್ಲಿ ಹದಿನಾರು ರೀಲು ಮುಗಿದವು. ಸರಿಯಾದ ಫೋಟೋ ಪ್ರತಿ ಸಲವೂ ಮುಂದಿನ ರೀಲಿಗೆ ಹೋಯಿತು.

ಹದಿನೇಳನೆಯ ರೀಲಿನಲ್ಲಿ ಒಂದು ಉಳಿದಿದ್ದಾಗ ಅವಳು ಹಾಸಿಗೆ ಹಿಡಿದಳು. ಅವನು ಕ್ಯಾಮೆರಾ ಎತ್ತಿಕೊಂಡು ಹತ್ತಿರ ಹೋದರೆ, ಈ ಮುಖ ಬೇಡ, ಎದ್ದ ಮೇಲೆ ತೆಗೆಯಿರಿ ಎಂದಳು. ಎರಡು ತಿಂಗಳು ಕಾದ. ಅವಳು ಏಳಲಿಲ್ಲ.

ಅವರ ಮನೆತನದ ಪದ್ಧತಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಅವಳನ್ನೂ ಕೂರಿಸಿದರು. ವಿಭೂತಿ ಹಚ್ಚಿದರು, ಹೂಮಾಲೆ ಹಾಕಿದರು. ಉಡಿಸಲು ಸೀರೆ ಹುಡುಕಿದವರಿಗೆ ಮೇಲೆಯೇ ಸಿಕ್ಕಿದ್ದು ಅದೇ ಇಳಕಲ್ ಸೀರೆ. ಭಜನೆ ನಡೆಯಿತು. ಅಷ್ಟರಲ್ಲಿ, ಕಾರ್ಯದ ದಿನ ಕಟ್ಟು ಹಾಕಿಸಿ ಇಡಲು ಒಂದು ಫೋಟೋ ಕೊಡಿ ಎಂದು ಅವಳ ತಮ್ಮ ಕೇಳಿದ.

ಟ್ರಂಕು ತೆಗೆದರು. ಹತ್ತಿರ ಹತ್ತಿರ ಆರುನೂರು ಫೋಟೋ ಹೊರಬಂದವು. ಒಂದರಲ್ಲಿ ಮುಖದ ಮೇಲೆ ಜರಡಿಯ ನೆರಳಿತ್ತು. ಒಂದರಲ್ಲಿ ಅನ್ನದ ಆವಿಯ ಹಿಂದೆ ಮೂಗಷ್ಟೇ ಇತ್ತು. ಒಂದರಲ್ಲಿ ಅವಳು ಬಾವಿಯ ನೀರಿನಲ್ಲಿ ತಲೆಕೆಳಗಾಗಿದ್ದಳು. ಉಳಿದವುಗಳಲ್ಲಿ ತಲೆ ಮೂರಾಗಿ, ಐದಾಗಿ, ಹೊಗೆಯಾಗಿ ಹರಡಿತ್ತು. ಎಲ್ಲಕ್ಕೂ ಹೂಮಾಲೆ ಹಾಕಬಹುದು, ಆದರೆ ಮುಖ ಎಲ್ಲಿದೆ ಎಂದು ಬಂದ ಹೆಂಗಸರು ಅತ್ತರು. ಗಂಡನಾಗಿ ಹೆಂಡತಿಯ ಒಂದು ಫೋಟೋ ತೆಗೆದಿಡಲಿಲ್ಲವಲ್ಲ ಎಂದು ಹಿರಿಯಳೊಬ್ಬಳು ನೇರವಾಗಿಯೇ ಅಂದಳು. ಅವನು ನಾಚಿಕೆಯಿಂದ ಕುಗ್ಗಿಹೋದ.

"ಈಗರ ಒಂದು ಸರಿಯಾಗಿ ತಗೀರಿ, ಮಾಮಾ" ಎಂದ ಅವಳ ತಮ್ಮ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ.

ರೀಲಿನಲ್ಲಿ ಆ ಒಂದು ಉಳಿದೇ ಇತ್ತು. ಅವನು ಕ್ಯಾಮೆರಾ ತಂದು ಅವಳ ಎದುರು ನಿಂತ. ರೂಢಿಯಂತೆ ಬಾಯಿ ಎಣಿಸಿತು. ಎರಡು ಎಂದ ಮೇಲೆ ರೂಢಿಯಂತೆಯೇ ಸ್ವಲ್ಪ ತಡೆದ. ಅವಳು ಗೋಣು ತಿರುಗಿಸಲಿಲ್ಲ. ಮೂರು ಎಂದು ಒತ್ತಿದ.

ಎರಡು ದಿನದ ಮೇಲೆ ಫೋಟೋ ತರಲು ಹೋದಾಗ ಸ್ಟುಡಿಯೋದವನು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಪಾಪ, ಅವನಿಗೆ ಸಾವಿನ ಸುದ್ದಿ ಮುಟ್ಟಿರಲಿಲ್ಲ. ವಿಭೂತಿ, ಹೂಮಾಲೆ, ಮುಚ್ಚಿದ ಕಣ್ಣು ಕಂಡು ಯಾವುದೋ ಪೂಜೆಗೆ ಕೂತಿದ್ದಾಳೆಂದು ತಿಳಿದಿದ್ದ.

"ಇಷ್ಟು ವರ್ಷದಾಗ ಇದೊಂದು ಚಲೋ ಬಂದದ ನೋಡ್ರಿ" ಎಂದ.

ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕಿದರು. ಕಾರ್ಯಕ್ಕೆ ಬಂದವರು ಕೈ ಮುಗಿದು, ಎಷ್ಟು ಶಾಂತವಾಗಿದೆ ಮುಖ ಎಂದರು. ಅಂದಿನಿಂದ ಅವನು ಕ್ಯಾಮೆರಾ ಮುಟ್ಟಲಿಲ್ಲ. ತನ್ನ ಹುಚ್ಚಾಟಕ್ಕೆ ಅವಳ ಮುಖವನ್ನೇ ಬಲಿ ಕೊಟ್ಟೆನೆಂಬ ಕೊರಗು ಅವನನ್ನು ತಿನ್ನತೊಡಗಿತು. ಒಂಬತ್ತು ವರ್ಷ ಕುರ್ಚಿಯಲ್ಲಿ ಕೂತು ಕಾದವಳಿಗೆ ಒಂದು ಸರಿಯಾದ ಫೋಟೋ ಕೊಡಲಿಲ್ಲ ಎಂದುಕೊಂಡ.

ವರ್ಷದ ಮೇಲೆ ಒಂದು ಭಾನುವಾರ ಆ ಆರುನೂರನ್ನೂ ಸುಟ್ಟುಬಿಡಬೇಕೆಂದು ಟ್ರಂಕನ್ನು ಹಿತ್ತಲಿಗೆ ಎಳೆದು ತಂದ. ಮೊದಲ ಹಿಡಿಯನ್ನು ಸುರಿದಾಗ ಕೆಲವು ಮಗುಚಿ ಬಿದ್ದವು. ಪೆನ್ಸಿಲಿನ ಅಕ್ಷರ ಕಂಡಿತು. ಕೂತು ಓದಿದ. "ಬಳೆ ಚೂರು, ಮಧ್ಯಾಹ್ನ, ಬಿಸಿಲು ಜಾಸ್ತಿ." "ಒದ್ದೆ ಸೀರೆಯ ಹಿಂದೆ. ಶೀತ ಆಯಿತು." ಮೂವತ್ತಾರನೆಯವುಗಳನ್ನು ಹುಡುಕಿ ಬೇರೆ ಇಟ್ಟ. "ಮೂವತ್ತಾರು. ಸರಿಯಾಗಿಯೇ ಕೂತಿದ್ದೆ. ತಡೆಯಲಾಗಲಿಲ್ಲ." "ಮೂವತ್ತಾರು. ಜರಡಿ ಹಿಡಿಯೋಣ ಅಂದದ್ದು ನಾನು. ಅವರದೇನೂ ತಪ್ಪಿಲ್ಲ." ಹದಿನಾರನೆಯ ರೀಲಿನದರಲ್ಲಿ, "ಮುಂದಿನ ಸಲ ಜೋಕಾಲಿ" ಎಂದಿತ್ತು. ಅವನು ಅತ್ತ. ಜೋಕಾಲಿ ಕಟ್ಟಲೇ ಇಲ್ಲವಲ್ಲ ಎಂದು ಅತ್ತ.

ಬೆಂಕಿ ಹಚ್ಚಲಿಲ್ಲ. ಹದಿನೇಳನೆಯ ರೀಲಿನ ಮೂವತ್ತೈದು ಫೋಟೋಗಳ ಹಿಂದೆ ಬರೆಯಲು ಅವಳಿಗೆ ಆಗಿರಲಿಲ್ಲ. ಅವಳ ಪೆನ್ಸಿಲನ್ನೇ ಹುಡುಕಿ ತಂದು, ನೆನಪು ಮಾಡಿಕೊಂಡು, ಅವನೇ ಬರೆದ. ಬರೆಯುತ್ತ ಎರಡು ಸಲ ನಗು ಬಂತು. ಕಡೆಗೆ ಕೈಗೆ ಬಂದದ್ದು ಗೋಡೆಯ ಫೋಟೋದ ಚಿಕ್ಕ ಪ್ರತಿ. ಅದರ ಹಿಂದೆ ಹೇಗೆ ತೆಗೆದದ್ದು ಎಂದು ಬರೆಯಲು ಬಹಳ ಹೊತ್ತು ಪೆನ್ಸಿಲು ಹಿಡಿದು ಕೂತ. ಅದು ಖಾಲಿಯೇ ಉಳಿಯಿತು.

ಈಗಲೂ ಅವನು ಪ್ರತಿ ಭಾನುವಾರ ಟ್ರಂಕು ತೆಗೆದು ಕೂರುತ್ತಾನೆ. ಫೋಟೋ ಇರುವ ಗೋಡೆಗೆ ಬೆನ್ನು ಹಾಕಿ ಕೂರುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು. ಆದರೂ ಅವನ ಮನಸ್ಸು ಒಪ್ಪಲಿಲ್ಲ.

"ಹಾಗಾದರೆ ಗುರುಗಳೇ, ಅವಳು ಇದ್ದಾಗಲೇ ಆಟ ಬಿಟ್ಟು ಒಂದಾದರೂ ಸರಿಯಾದ ಫೋಟೋ ತೆಗೆದಿಟ್ಟುಕೊಂಡಿದ್ದರೆ ಒಳ್ಳೆಯದಿತ್ತಲ್ಲವೇ?" ಎಂದು ಕೇಳಿದ.

"ಸರಿಯಾದದ್ದು ಒಂದು ಇದೆಯಲ್ಲಪ್ಪ, ಅದೊಂದನ್ನೇ ಅವನು ನೋಡಲಾರ" ಎಂದರು ಗುರುಗಳು.