ಹರಿಗೋಲಿನ ಮುಂಭಾಗ

ಹೊಳೆಗೆ ಸೇತುವೆ ಇಲ್ಲದ ಕಾಲ. ಅಂಬಿಗರ ದುರುಗಪ್ಪ ಹರಿಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದ. ಒಂದು ದಿನ ದೋಣಿ ತಪಾಸಣೆಗೆ ಹೊಸ ಅಧಿಕಾರಿ ಗಲಗಲಿ ಸಾಹೇಬರು ಬಂದರು. ಬಂದವರೇ ಗದರಿದರು.

"ನಿಯಮದ ಪ್ರಕಾರ ದೋಣಿಯ ಮುಂದೆ ಕೆಂಪು, ಹಿಂದೆ ಬಿಳಿ ಬಣ್ಣ ಇರಬೇಕು. ನಿನ್ನದಕ್ಕಿಲ್ಲ. ಜಪ್ತಿ!"

ದುರುಗಪ್ಪನ ಹೊಟ್ಟೆಪಾಡು ಅದೊಂದೇ ಹರಿಗೋಲು. ಕೈಮುಗಿದ.

"ಈಗ ಬಳೀತೀನ್ರಿ ಸಾಹೇಬ್ರ. ಮುಂದ್ ಯಾವ್ದು ಅಂತ ತೋರಸ್ರಿ."

ಚರ್ಮ ಹೊದಿಸಿದ, ಬುಟ್ಟಿಯಂತೆ ದುಂಡಗಿದ್ದ ಹರಿಗೋಲನ್ನು ಸಾಹೇಬರು ಎರಡು ಸುತ್ತು ಹಾಕಿದರು.

"ನೀನು ಕೂರುವ ಕಡೆ."

"ನಡು ಹೊಳ್ಯಾಗ ಇದು ಗಿರಗಿರ ತಿರಗತದ್ರಿ. ಮುಂದಿದ್ದದ್ದು ಹಿಂದಾಗತದ. ತಪ್ಪು ಬಳದ್ರ ಮತ್ತ ಜಪ್ತಿ ಅಂತೀರಿ. ಮ್ಯಾಲಿನ ಕಚೇರಿ ಕೇಳಿ ಬರದು ಕೊಡ್ರಿ."

ಸಾಹೇಬರು ಸ್ಪಷ್ಟನೆ ಕೇಳಿ ಬರೆದರು. ಉತ್ತರ ಬರುವವರೆಗೆ ಜಪ್ತಿ ಮಾಡುವಂತಿರಲಿಲ್ಲ. ದುರುಗಪ್ಪ ನಗುತ್ತ ಹುಟ್ಟು ಹಾಕಿದ. ಸಾಹೇಬರು ಸಂತೆಗೆ ಬಂದರೆ ಸಾಕು, "ಮುಂದ್ ಸಿಕ್ತೇನ್ರಿ?" ಎಂದು ಜನ ಕೇಳುತ್ತಿದ್ದರು. ಮೊದಮೊದಲು ಸಾಹೇಬರು ಸಿಡುಕಿದರು. ಆಮೇಲೆ ಅವರೂ ನಕ್ಕರು.

ಆರು ವರ್ಷದ ಮೇಲೆ ಆದೇಶ ಬಂತು. ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ, ಈ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಅಷ್ಟರಲ್ಲಿ ಸೇತುವೆಯಾಗಿ ಒಂದು ವರ್ಷ ಕಳೆದಿತ್ತು. ಸಾಹೇಬರು ಕಾಗದ ಹಿಡಿದು ತಾವೇ ದುರುಗಪ್ಪನ ಬಳಿ ಹೋದರು.

"ಗೆದ್ದಿ ನೋಡಪಾ. ಜಪ್ತಿಗೆ ಬಂದಾಂವ ಹೆಂಗ ಕೂಡ್ಲಿ ಅಂತ ಇಷ್ಟ ವರ್ಷ ಇದರಾಗ ಕೂತಿಲ್ಲ. ಇವತ್ತ ಒಮ್ಮಿ ದಾಟಸು."

ದುರುಗಪ್ಪ ದಡದಲ್ಲಿ ಮಗುಚಿದ್ದ ಹರಿಗೋಲನ್ನು ಸವರಿದ.

"ಚರ್ಮ ಒಣಗಿ ಸೀಳ್ಯದ್ರಿ. ತಡಾ ಮಾಡಿದ್ರಿ, ಸಾಹೇಬ್ರ."