ಒಣ ಕಲ್ಲಿನ ಮೇಲಿಟ್ಟ ಚಾಕು

"ಬುದ್ಧಿ, ದಿನಾ ಸೊಂಟದಲ್ಲಿ ಇಟ್ಟುಕೊಂಡು ಓಡಾಡುವುದಕ್ಕೆ ಒಂದು ಮಡಚುವ ಚಾಕು ಬೇಕು. ಬೆಲೆ ಹೆಚ್ಚಿರಬಾರದು, ಹರಿತ ಬೇಗ ಹೋಗಬಾರದು. ಯಾವುದನ್ನು ಕೊಳ್ಳಲಿ?"

ಕೇಳಿದವನು ಗುರುಮಲ್ಲ. ಹೊಳೆಯಾಚೆಯ ಮಠದಲ್ಲಿ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಅಕ್ಕಿ ಮೂಟೆಯ ಹೊಲಿಗೆ ಬಿಚ್ಚಲು, ಬಾಳೆ ಎಲೆ ಕೊಯ್ಯಲು, ನಿಂಬೆಹಣ್ಣು ಹೆಚ್ಚಲು ಅವನಿಗೆ ದಿನವೂ ಚಾಕು ಬೇಕು. ಹಳೆಯದು ಮುರಿದು ಬಹಳ ದಿನವಾಗಿತ್ತು. ಅಂದಿನಿಂದ ಪ್ರತಿ ಸಂತೆಗೂ ಹೋಗುತ್ತಿದ್ದ, ಅಂಗಡಿ ಅಂಗಡಿ ತಿರುಗುತ್ತಿದ್ದ, ಬರಿಗೈಯಲ್ಲಿ ಹಿಂದಿರುಗುತ್ತಿದ್ದ. ಬಂದವನಿಗೆ ಸಿಟ್ಟು ಬೇರೆ. ತುಕ್ಕು ಹಿಡಿಯದ ಚಾಕು ಬೇಗ ಮೊಂಡಾಗುತ್ತದಂತೆ. ಹರಿತ ನಿಲ್ಲುವ ಚಾಕಿಗೆ ತುಕ್ಕು ಹಿಡಿಯುತ್ತದಂತೆ. ಎರಡು ದೋಷವೂ ಇಲ್ಲದ್ದರ ಬೆಲೆ ಕೇಳಿದರೆ ತಲೆ ತಿರುಗುತ್ತದಂತೆ. ಅಂಗಡಿಯವರೆಲ್ಲ ಸೇರಿಕೊಂಡು ಜನರಿಗೆ ಟೋಪಿ ಹಾಕುತ್ತಿದ್ದಾರಂತೆ. ಇದನ್ನೆಲ್ಲ ಅವನು ಅಡುಗೆಮನೆಯಲ್ಲಿ ಹೇಳಿ ಮುಗಿಸಿ, ಹಜಾರದಲ್ಲಿ ಹೇಳಿ ಮುಗಿಸಿ, ಈಗ ಸ್ವಾಮಿಗಳ ಮುಂದೆ ತಂದಿದ್ದ. ಇಷ್ಟು ದಿನವೂ ಮೂಟೆಯ ಹೊಲಿಗೆಯನ್ನು ಅಡುಗೆಯವರು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಿದ್ದರು.

ಸ್ವಾಮಿಗಳು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿದರು. ಸಿಟ್ಟು ಬಂದರೆ ಅವರ ದನಿ ಏರುವುದಿಲ್ಲ, ಇಳಿಯುತ್ತದೆ. ಈಗ ಇಳಿದಿತ್ತು.

"ಕೂತುಕೋ. ಚಾಕನ್ನು ಬಹಳ ಚೆನ್ನಾಗಿ ಆರಿಸಿದ ಒಬ್ಬನ ಕತೆ ಹೇಳುತ್ತೇನೆ."

ಗುರುಮಲ್ಲ ಖುಷಿಯಿಂದ ಕೂತ. ಸ್ವಾಮಿಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವೀಳ್ಯದೆಲೆ ವ್ಯಾಪಾರಿ ಇದ್ದ. ಅದೇ ಬೀದಿಯಲ್ಲಿ ಒಬ್ಬ ಕುಂಬಾರ. ಇಬ್ಬರದೂ ಒಂದೇ ವಯಸ್ಸು. ಊರ ಕೆರೆಯಲ್ಲಿ ಒಟ್ಟಿಗೆ ಈಜು ಕಲಿತವರು. ಸಂಜೆಯಾದರೆ ಕುಂಬಾರನ ಜಗಲಿಯಲ್ಲಿ ಕೂತು, ವ್ಯಾಪಾರಿ ತಂದ ಎಲೆಯನ್ನು ಇಬ್ಬರೂ ಹಾಕಿಕೊಳ್ಳುತ್ತಿದ್ದರು. ಒಬ್ಬನ ಮನೆಯಲ್ಲಿ ಪಾಯಸ ಮಾಡಿದರೆ ಇನ್ನೊಬ್ಬನ ಮನೆಗೂ ಒಂದು ಪಾತ್ರೆ ಹೋಗುತ್ತಿತ್ತು.

ಕುಂಬಾರನಿಗೆ ಒಂದು ಕತ್ತೆ ಇತ್ತು. ಕೆರೆಯಿಂದ ಮಣ್ಣು ಹೊತ್ತು ತರುವುದು ಅದು, ಸಂತೆಗೆ ಮಡಕೆ ಹೊರುವುದೂ ಅದು. ಮರಿಯಾಗಿದ್ದಾಗಲೇ ತಂದು ಮಕ್ಕಳ ಜೊತೆ ಸಾಕಿದ್ದ. ಅದರ ಮೇಲೆ ಒಂದು ದಿನವೂ ಕೋಲು ಎತ್ತಿದವನಲ್ಲ. ಅದನ್ನು ಮಾತಾಡಿಸಿಕೊಂಡೇ ಕೆರೆಗೆ ಹೋಗುತ್ತಿದ್ದ, ಮಾತಾಡಿಸಿಕೊಂಡೇ ಬರುತ್ತಿದ್ದ. ಬೀದಿಯವರು ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದ. ಆ ಕತ್ತೆಯಿಲ್ಲದೆ ಮನೆಗೆ ಮಣ್ಣಿಲ್ಲ, ಮಣ್ಣಿಲ್ಲದೆ ಒಲೆ ಉರಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ವ್ಯಾಪಾರಿಗೆ ಒಂದು ಚಾಕು ಬೇಕಾಯಿತು. ಎಲೆಕಟ್ಟಿನ ಬಾಳೆನಾರು ಕೊಯ್ಯುವುದಕ್ಕೆ, ಕೊಳೆತ ಎಲೆಯ ಅಂಚು ಸವರುವುದಕ್ಕೆ, ಅಡಿಕೆ ಹೋಳು ಮಾಡುವುದಕ್ಕೆ. ಅವನು ಆತುರಪಡಲಿಲ್ಲ. ಅಂಗಡಿಯಲ್ಲಿದ್ದ ಚಾಕುಗಳನ್ನೆಲ್ಲ ಬಿಚ್ಚಿಸಿ ಸಾಲಾಗಿ ಇಡಿಸಿದ. ಹೊಳೆಯುವ ಹಿಡಿ ಇದ್ದದ್ದನ್ನು ಮೊದಲೇ ಪಕ್ಕಕ್ಕೆ ತಳ್ಳಿದ. ಹೊಳಪಿಗೆ ದುಡ್ಡು ಕೊಡುವಷ್ಟು ಪೆದ್ದ ಅವನಲ್ಲ. ತಿರುಪುಳಿ, ಕತ್ತರಿ, ಹಲ್ಲುಕಡ್ಡಿ ಎಲ್ಲ ಸೇರಿಸಿದ್ದನ್ನೂ ಬೇಡವೆಂದ. ಉಳಿದವುಗಳ ಅಲಗು ಹಿಡಿದು ಅಲ್ಲಾಡಿಸಿ ನೋಡಿದ. ಬುಡದಲ್ಲಿ ಲೊಡಲೊಡ ಎಂದದ್ದನ್ನು ಬಿಟ್ಟ. ತೆರೆದಾಗ ಗಟ್ಟಿಯಾಗಿ ನಿಲ್ಲದ್ದನ್ನು, ಬೆರಳಿನ ಮೇಲೆಯೇ ಮಡಚಿಕೊಳ್ಳುವಂಥದ್ದನ್ನು ಬಿಟ್ಟ. ಉಗುರಿನಿಂದ ಸುಲಭವಾಗಿ ತೆರೆಯುತ್ತದೆಯೇ, ಹಿಡಿ ಅಂಗೈ ತುಂಬುತ್ತದೆಯೇ, ಸೊಂಟದಲ್ಲಿಟ್ಟರೆ ಚುಚ್ಚುತ್ತದೆಯೇ, ಎಲ್ಲ ನೋಡಿದ. ಕೊನೆಗೆ ಕರಿ ಉಕ್ಕಿನ ಅಲಗಿನ, ಮರದ ಹಿಡಿಯ ಒಂದು ಸಾದಾ ಚಾಕನ್ನು ತೆಗೆದುಕೊಂಡ. ಮುಂಗೈ ಕೂದಲಿನ ಮೇಲೆ ಆಡಿಸಿದರೆ ಕೂದಲು ಸರಾಗವಾಗಿ ಉದುರಿತು. ಬೆಲೆಯೂ ಹಗುರವಾಗಿತ್ತು.

ಅಂಗಡಿಯವನೂ ಮೋಸಗಾರನಲ್ಲ. ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದ. "ಇದಕ್ಕೆ ನೀರು ಆಗಲ್ಲ ಸ್ವಾಮಿ. ನೆಂದ್ರೆ ತುಕ್ಕು ಹಿಡಿಯುತ್ತೆ. ಒರೆಸಿ, ಒಂದು ಹನಿ ಎಣ್ಣೆ ಹಚ್ಚಿಡಿ. ನಿಮ್ಮ ಮಗನ ಕಾಲಕ್ಕೂ ಬರುತ್ತೆ."

ಗುರುಮಲ್ಲ, ಒಂದು ಮಾತು ಗಮನಿಸು. ಇಲ್ಲಿಯವರೆಗೆ ಆ ವ್ಯಾಪಾರಿ ಒಂದು ತಪ್ಪನ್ನೂ ಮಾಡಿಲ್ಲ. ನಾನೇ ಹೋಗಿದ್ದರೂ ಅದನ್ನೇ ತರುತ್ತಿದ್ದೆ.

ಚಾಕು ಅವನ ಸೊಂಟ ಸೇರಿತು. ಪ್ರತಿ ಸಂಜೆ ಅದನ್ನು ಒರೆಸಿ, ಎಣ್ಣೆ ಹಚ್ಚಿ, ದೀಪದ ಬೆಳಕಿಗೆ ಹಿಡಿದು ನೋಡಿ ಮಡಚಿಡುತ್ತಿದ್ದ. ಎಣ್ಣೆ ಹಚ್ಚುವ ಬಟ್ಟೆಯೇ ಬೇರೆ, ಅದನ್ನು ಇನ್ನೊಂದಕ್ಕೆ ಮುಟ್ಟುವ ಹಾಗಿಲ್ಲ. ನಿಂಬೆಹಣ್ಣಿಗೆ ಆ ಚಾಕು ತಗಲುವ ಹಾಗಿಲ್ಲ, ಹುಳಿಗೆ ಅಲಗು ಕಪ್ಪಾಗುತ್ತದೆ. ಹೆಂಡತಿ ಕೇಳಿದರೆ ಈಳಿಗೆಮಣೆ ತೋರಿಸುತ್ತಿದ್ದ. ಅವಳೂ ಕೇಳುವುದನ್ನು ಬಿಟ್ಟಳು.

ಆ ಸೀಮೆಯಲ್ಲಿ ಚಾಕು ಕತ್ತರಿಗಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ನಮ್ಮ ಕಡೆಯೂ ಹಾಗೆಯೇ ತಾನೇ? ಕೊಟ್ಟರೆ ಕೊಟ್ಟವನಿಗೂ ತೆಗೆದುಕೊಂಡವನಿಗೂ ಜಗಳವಾಗುತ್ತದೆ ಎಂದು ನಂಬಿಕೆ. ಕೊಡುವವನು ನೆಲದ ಮೇಲೆ ಇಡಬೇಕು, ಬೇಕಾದವನು ಅಲ್ಲಿಂದ ಎತ್ತಿಕೊಳ್ಳಬೇಕು. ಯಾರ ಬೆರಳೂ ಕುಯ್ಯದಿರಲಿ ಎಂದು ಯಾವ ಕಾಲದ ಯಾವ ಅಜ್ಜಿ ಮಾಡಿದ ಪದ್ಧತಿಯೋ. ಒಳ್ಳೆಯ ಮನಸ್ಸಿನಿಂದಲೇ ಮಾಡಿರಬೇಕು. ವ್ಯಾಪಾರಿ ಅದನ್ನು ಅಚ್ಚುಕಟ್ಟಾಗಿ ನಡೆಸುತ್ತಿದ್ದ. ಕುಂಬಾರ ಯಾವಾಗಲಾದರೂ ಚಾಕು ಕೇಳಿದರೆ ಜಗಲಿಯ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಕುಂಬಾರ ನಕ್ಕು ಎತ್ತಿಕೊಳ್ಳುತ್ತಿದ್ದ.

ಒಂದು ದಿನ ವ್ಯಾಪಾರಿ ತೋಟದಿಂದ ಎಲೆಬುಟ್ಟಿ ಹೊತ್ತು ಕೆರೆಯ ದಂಡೆಯ ಮೇಲೆ ಬರುತ್ತಿದ್ದ. ಕೆಳಗಿನಿಂದ ಯಾರೋ ಕೂಗಿದರು. ನೋಡಿದರೆ ಕುಂಬಾರ. ಮಣ್ಣು ತೆಗೆದು ತೆಗೆದು ಗುಂಡಿಯಾಗಿದ್ದ ಕಡೆ ಕತ್ತೆಯ ಕಾಲು ಜಾರಿತ್ತು. ಬೆನ್ನಿನ ಎರಡು ಕಡೆಗೂ ಹಸಿ ಮಣ್ಣಿನ ಚೀಲ. ಆ ಭಾರ ಅದನ್ನು ಒಳಕ್ಕೆ ಎಳೆಯುತ್ತಿತ್ತು. ಹೊರೆಯ ಹಗ್ಗ ನೆಂದು ಗಂಟು ಬಿಗಿದು ಕಲ್ಲಾಗಿತ್ತು. ಕುಂಬಾರ ಎದೆಮಟ್ಟದ ನೀರಿನಲ್ಲಿ ನಿಂತು, ಎರಡೂ ತೋಳಿನಿಂದ ಕತ್ತೆಯ ಕೊರಳನ್ನು ತಬ್ಬಿ, ಅದರ ಮೂಗನ್ನು ನೀರಿನ ಮೇಲೆ ಎತ್ತಿ ಹಿಡಿದಿದ್ದ. ಹಗ್ಗ ಕೊಯ್ದರೆ ಸಾಕು, ಚೀಲ ಕಳಚಿ ಬೀಳುತ್ತದೆ, ಕತ್ತೆ ಏಳುತ್ತದೆ.

ವ್ಯಾಪಾರಿ ಬುಟ್ಟಿ ಇಳಿಸಿ ಓಡಿದ. ನೀರಿನ ಅಂಚಿಗೆ ಬಂದ. ಬಂದವನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು, ಚಾಕು ತೆರೆದುಕೊಂಡಿತು. ಅದನ್ನು ಇಲ್ಲವೆನ್ನಲಾರೆ. ಕುಂಬಾರ ಒಂದು ತೋಳನ್ನು ಬಿಡಿಸಿ ಕೈ ಚಾಚಿದ. ಬಗ್ಗಿದರೆ ಸಿಗುವಷ್ಟು ಹತ್ತಿರ ಇತ್ತು ಆ ಕೈ.

ಆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ವ್ಯಾಪಾರಿ ಅದನ್ನು ನೋಡಿದ. ಅವನ ಮನಸ್ಸಿಗೆ ಮೊದಲು ಬಂದದ್ದು ತುಕ್ಕು. ಆಮೇಲೆ ಬಂದದ್ದು ಪದ್ಧತಿ. ಬಾಯಿಂದ ಹೊರಗೆ ಬಂದದ್ದು ಎರಡನೆಯದು ಮಾತ್ರ.

"ಕೈಯಿಂದ ಕೈಗೆ ಕೊಡಬಾರ್ದು ಕಣ್ಲಾ! ನಮ್ ಸ್ನೇಹ ಕೆಟ್ಟೋಯ್ತದೆ. ತಡಿ, ಇಲ್ಲೇ ಮಡಗ್ತೀನಿ, ಎತ್ಕೋ."

"ಸ್ನೇಹ ಆಮೇಲ್ ನೋಡ್ಕೊಳ್ಳಾವ, ಕೊಡ್ಲಾ ಮಾರಾಯ! ಇಲ್ಲಾಂದ್ರೆ ನೀನೇ ಇಳಿದು ಕುಯ್ಯಿ!"

ಎಲ್ಲಿ ಇಡುವುದು? ನೀರಿನಂಚು ಪೂರ್ತಿ ಕೆಸರು. ಕೆಸರಿನಲ್ಲಿ ಚಾಕು ಇಡುವುದುಂಟೇ? ಅವನು ಒಣಗಿದ ಜಾಗ ಹುಡುಕಿದ. ಕೇಳಿಸಿಕೊಂಡೆಯಾ ಗುರುಮಲ್ಲ? ಸ್ನೇಹಿತ ಕೊರಳ ತನಕ ನೀರಿಗೆ ಹೋಗುತ್ತಿದ್ದಾನೆ, ಇವನು ಒಣಗಿದ ಜಾಗ ಹುಡುಕುತ್ತಿದ್ದಾನೆ! ದಂಡೆಯ ಮೇಲೆ ಬಟ್ಟೆ ಒಗೆಯುವ ಕಲ್ಲೊಂದು ಬಿಸಿಲಿಗೆ ಒಣಗಿತ್ತು. ಅಲ್ಲಿಗೆ ಹತ್ತಿ, ಚಾಕನ್ನು ಅದರ ಮೇಲಿಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು ನಿಂತ. ತಾನು ಮಾಡಬೇಕಾದದ್ದನ್ನು ಮಾಡಿದೆ ಎಂಬ ಸಮಾಧಾನ ಅವನ ಮುಖದಲ್ಲಿತ್ತು.

ಕುಂಬಾರನಿಗೆ ಬೇರೆ ದಾರಿ ಇರಲಿಲ್ಲ. ಕತ್ತೆಯ ಕೊರಳನ್ನು ಬಿಟ್ಟ. ಕೆಸರಿನಲ್ಲಿ ಬಿದ್ದು, ಎದ್ದು, ಕಲ್ಲಿನ ಹತ್ತಿರ ಹೋಗಿ ಚಾಕು ತೆಗೆದುಕೊಂಡು ನೀರಿಗೆ ಧುಮುಕಿದ. ಅಷ್ಟರಲ್ಲಿ ಮೂಗು ಮುಳುಗಿತ್ತು. ಒಳಗೆ ಕೈಯಾಡಿಸಿ ಹಗ್ಗ ಹುಡುಕಿದ. ಚಾಕು ಬಹಳ ಒಳ್ಳೆಯದು. ಒಂದೇ ಎಳೆತಕ್ಕೆ ಹಗ್ಗ ಕತ್ತರಿಸಿಹೋಯಿತು. ಚೀಲಗಳು ತಳ ಸೇರಿದವು. ಕತ್ತೆ ಮೇಲಕ್ಕೆ ಬಂತು. ಅದರಲ್ಲಿ ಜೀವ ಇರಲಿಲ್ಲ.

ಕುಂಬಾರ ಅದನ್ನು ದಡಕ್ಕೆ ಎಳೆದು ತಂದ. ಅದರ ಕಿವಿಯೊಳಗಿನ ಕೆಸರನ್ನು ಬೆರಳಿನಿಂದ ತೆಗೆದ. ಆಮೇಲೆ ಎದ್ದು ವ್ಯಾಪಾರಿಯ ಹತ್ತಿರ ಬಂದ, ಅವನ ಕೈಯನ್ನು ಹಿಡಿದು, ಬೆರಳುಗಳನ್ನು ಬಿಡಿಸಿ, ಚಾಕನ್ನು ಅಂಗೈಯಲ್ಲೇ ಇಟ್ಟ.

"ತಕ್ಕೋ. ಇನ್ಮೇಲೆ ಕೈಗೇ ಕೊಡ್ಬೋದು," ಎಂದ.

ವ್ಯಾಪಾರಿಗೆ ಮೈಯೆಲ್ಲ ಉರಿದುಹೋಯಿತು. ಕೂಗಿದ ಕೂಡಲೇ ಓಡಿ ಬಂದವನು ಯಾರು? ಚಾಕು ಕೊಟ್ಟವನು ಯಾರು? ಕೊಟ್ಟವನಿಗೆ ಇದೇನಾ ಮರ್ಯಾದೆ? ದಾರಿಯುದ್ದಕ್ಕೂ ಗೊಣಗಿಕೊಂಡು ಮನೆಗೆ ಹೋದ. ಮೊದಲು ಚಾಕನ್ನು ಒರೆಸಿದ. ಹಿಡಿಯ ಸಂದಿಗೆ ಹೊಕ್ಕಿದ್ದ ನೀರನ್ನು ಒಲೆಯ ಕಾವಿಗೆ ಹಿಡಿದು ಆರಿಸಿದ. ಎಣ್ಣೆ ಹಚ್ಚಿದ. ಆಮೇಲೆ ಬೀದಿಗೆ ಬಂದು ಸಿಕ್ಕಿದವರಿಗೆಲ್ಲ ತನಗಾದ ಅವಮಾನವನ್ನು ಹೇಳಿಕೊಂಡ.

ಊರು ಏನೆಂದಿತು ಗೊತ್ತೇ? ಊರು ತಲೆದೂಗಿತು. ಪದ್ಧತಿ ಬಿಡುವುದಕ್ಕಾಗುತ್ತದೆಯೇ ಎಂದಿತು. ಇವನಾದರೂ ಚಾಕು ಇಟ್ಟ, ಇನ್ನೊಬ್ಬನಾಗಿದ್ದರೆ ಅದೂ ಇಲ್ಲ ಎಂದಿತು. ಸ್ನೇಹಕ್ಕೆ ಎಷ್ಟು ಬೆಲೆ ಕೊಡುತ್ತಾನೆ ನೋಡಿ ಎಂದಿತು. ಕೆಲವರು, ಎಷ್ಟಾದರೂ ಕತ್ತೆ ತಾನೇ ಎಂದರು. ಹಾಗೆಂದವರಲ್ಲಿ ಆ ಕತ್ತೆ ಹೊತ್ತು ತಂದ ಮಣ್ಣಿನ ಮಡಕೆಯಲ್ಲಿ ನೀರು ಕುಡಿಯದವರು ಒಬ್ಬರೂ ಇರಲಿಲ್ಲ. ನಾಚಿಕೆಗೇಡಿಗಳು! ಬೆರಳು ಕುಯ್ಯದಿರಲಿ ಎಂದು ಮಾಡಿದ ಪದ್ಧತಿಯನ್ನು ಹಿಡಿದು ಒಬ್ಬ ಮನುಷ್ಯನ ಬದುಕನ್ನು ಕೊಯ್ದರು. ಕೊಯ್ದವನ ಬೆನ್ನು ತಟ್ಟಿದರು. ಆ ವ್ಯಾಪಾರಿಗೆ ಈಜು ಬರುತ್ತಿತ್ತಲ್ಲ, ಇಳಿದು ಅವನೇ ಯಾಕೆ ಕೊಯ್ಯಲಿಲ್ಲ ಎಂದು ಆ ಊರಿನಲ್ಲಿ ಒಬ್ಬನಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ.

ಸಂಜೆಯ ಹೊತ್ತು ಜಗಲಿ ಬರಿದಾಯಿತು. ವ್ಯಾಪಾರಿ ತನ್ನ ಮನೆಯ ಬಾಗಿಲಲ್ಲಿ ಒಬ್ಬನೇ ಕೂತು ಎಲೆ ಹಾಕಿಕೊಳ್ಳುತ್ತಿದ್ದ. ಕುಂಬಾರ ಆ ಕಡೆ ಹಾದುಹೋದರೆ ಮುಖ ತಿರುಗಿಸುತ್ತಿದ್ದ. ತಪ್ಪೆಲ್ಲ ಕುಂಬಾರನದೇ ಎಂದು ಅವನು ನಿಜವಾಗಿಯೂ ನಂಬಿದ್ದ. ಚಾಕು ಅವನ ಸೊಂಟದಲ್ಲಿ ಹೊಸದರಂತೆಯೇ ಇತ್ತು.

ಸ್ವಾಮಿಗಳು ಇಲ್ಲಿಗೆ ನಿಲ್ಲಿಸಿದರು. ಅವರ ದನಿ ಎಷ್ಟು ಇಳಿದಿತ್ತೆಂದರೆ ಕೊನೆಯ ಮಾತುಗಳನ್ನು ಕೇಳಲು ಗುರುಮಲ್ಲ ಮುಂದಕ್ಕೆ ಬಗ್ಗಬೇಕಾಯಿತು. ಅವನ ಮುಖವೂ ಸಿಟ್ಟಿನಿಂದ ಕೆಂಪಾಗಿತ್ತು. ಒಳಗೇ ಏನನ್ನೋ ಲೆಕ್ಕ ಹಾಕುವವನಂತೆ ತಲೆ ಕೆರೆದುಕೊಂಡ.

"ಛೇ, ಎಂಥಾ ಮನುಷ್ಯ ಬುದ್ಧಿ ಅವನು!" ಎಂದ. ಆಮೇಲೆ ಕೇಳಿದ: "ಅಲ್ಲ, ಅಷ್ಟು ನೀರಿನೊಳಗೆ ಹೋಗಿ ಬಂದರೂ ಆ ಚಾಕಿಗೆ ತುಕ್ಕು ಹಿಡಿಯಲಿಲ್ಲವೇ? ಅದು ಯಾವ ಅಂಗಡಿಯದು?"

ಸ್ವಾಮಿಗಳು ಅವನ ಮುಖವನ್ನೇ ನೋಡಿದರು.

"ಕತ್ತೆ ಹೋದಮೇಲೆ ಆ ಕುಂಬಾರ ಮಣ್ಣನ್ನು ಹೇಗೆ ಹೊತ್ತ ಎಂದು ನೀನು ಕೇಳುತ್ತೀಯೆಂದು ಕಾಯುತ್ತಿದ್ದೆ, ಮಗು."