ಮಿಸ್ಸಮ್ಮನ ಪಿಯಾನೋ ಕೇಳಲು ಬಂದವರು

ಚಿನ್ನ ತೀರಿ ಗಣಿ ಮುಚ್ಚಿಹೋದ ಒಂದು ಊರು. ಆ ಊರಲ್ಲಿ ಸೊಣ್ಣಮ್ಮ ಅಂತ ಒಬ್ಬ ತಾಯಿ, ಅವಳಿಗೆ ಪಿಳ್ಳಪ್ಪ ಅಂತ ಒಬ್ಬ ಮಗ. ಆಳು ನೋಡಿದರೆ ಆನೆಯಂಗೆ, ಬುದ್ಧಿ ಮಾತ್ರ ಹೇಳಿದಷ್ಟಕ್ಕೇ. ಒಲೆ ಮೇಲಿನ ಹಾಲು ನೋಡ್ಕೊಳೋ ಅಂದರೆ, ಅದು ಉಕ್ಕಿ ಒಲೆ ಆರುವ ತನಕ ನೋಡುತ್ತಾ ಕೂರುವವನು. ನಾನು ಹೋದಮೇಲೆ ಇವನಿಗೆ ಯಾರು ಗತಿ ಅನ್ನೋ ಚಿಂತೆಯಲ್ಲಿ ಸೊಣ್ಣಮ್ಮನಿಗೆ ಉಂಡ ಮುದ್ದೆ ಮೈಗೆ ಹತ್ತುತ್ತಿರಲಿಲ್ಲ.

ಊರಾಚೆ ಬಿಳಿ ದೊರೆಗಳ ಕಾಲದ ಒಂದು ಕ್ಲಬ್ಬು, ಅದರ ದೊಡ್ಡ ಕೋಣೆಯಲ್ಲೊಂದು ಹಳೇ ಪಿಯಾನೋ. ಆ ಊರಲ್ಲೇ ಹುಟ್ಟಿ, ಆ ದೊರೆಗಳ ಸೀಮೆಗೆ ಹೋಗಿ ಪಿಯಾನೋ ನುಡಿಸಿ ಹೆಸರು ಮಾಡಿದ್ದ ಐವಿ ಮಿಸ್ಸಮ್ಮ ಮುಪ್ಪಿನಲ್ಲಿ ಮರಳಿ ಬಂದಳು. ಒಂದು ಸಂಜೆ ಇಲ್ಲಿ ನುಡಿಸಬೇಕು, ದೀಪ ಹಚ್ಚದೆ ಮುಳುಗೋ ಸೂರ್ಯನ ಬೆಳಕಲ್ಲೇ ನುಡಿಸಬೇಕು ಅಂತ ಅವಳ ಆಸೆ. ಅವಳು ನುಡಿಸುತ್ತಿದ್ದದ್ದೆಲ್ಲ ಅಂಥದ್ದೇ. ಮಂಜು ಸರಿದು ಬಿಸಿಲು ಬೀಳೋದು, ಎಲೆಯಿಂದ ಎಲೆಗೆ ಹನಿ ಇಳಿಯೋದು, ಕೆರೆ ಮೇಲೆ ಬೆಳಕು ಕುಣಿಯೋದು, ಎಲ್ಲ ಸ್ವರದಲ್ಲೇ ಕಾಣಬೇಕು. ಕ್ಲಬ್ಬು ಗುಡಿಸೋ ಕೆಲಸ ಸೊಣ್ಣಮ್ಮನಿಗೆ ಸಿಕ್ಕಿತು. ಮಗನೂ ಬರಲಿ, ಒಪ್ಪವಾಗಿ ಮಾಡಿದರೆ ಮುಂದೆ ನನ್ನ ಬಂಗಲೆಯಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ ಅಂದಳು ಮಿಸ್ಸಮ್ಮ. ಸೊಣ್ಣಮ್ಮ ಕಂಡ ದೇವರಿಗೆಲ್ಲ ಕೈಮುಗಿದಳು.

ಪಿಯಾನೋಗೆ ಒಂಚೂರು ಗಾಳಿ ಬೆಳಕು ಕಾಣಿಸಪ್ಪ ಅಂತ ಮಿಸ್ಸಮ್ಮ ಪಿಳ್ಳಪ್ಪನಿಗೆ ಹೇಳಿದಳು. ಕಿಟಕಿ ತೆಗೆಯಲಿ ಅಂತ ಅವಳು ಹೇಳಿದ್ದು. ಇವನು ಪಿಯಾನೋವನ್ನೇ ತಳ್ಳಿಕೊಂಡು ಹೋಗಿ ಬಯಲಲ್ಲಿ ನಿಲ್ಲಿಸಿದ. ಮೇಕೆಯೊಂದು ಅದರ ಮೇಲೆ ಹತ್ತಿ ಓಡಾಡುವ ಸದ್ದಿಗೆ ಸೊಣ್ಣಮ್ಮ ಓಡಿಬಂದಳು. ತಲೆ ಚಚ್ಚಿಕೊಂಡು, ಒಳಗಿನದು ಒಳಗೇ ಇರಬೇಕು, ಹೊರಗಿನದು ಹೊರಗೇ ಇರಬೇಕು ಅಂತ ಬೈದಳು. ಪಿಳ್ಳಪ್ಪ ಆಗಲಿ ಅಂದು ಪಿಯಾನೋವನ್ನು ಮತ್ತೆ ಒಳಕ್ಕೆ ತಳ್ಳಿದ.

ಆ ದಿನ ಬಂತು. ಊರ ಡಾಕ್ಟರು, ಹೆಡ್‌ಮಾಸ್ಟರು, ಅವರ ಮನೆಯವರು, ಎಲ್ಲ ಒಳ್ಳೇ ಬಟ್ಟೆ ಹಾಕಿಕೊಂಡು ಬಂದರೆ, ಪಿಳ್ಳಪ್ಪ ಬಾಗಿಲಿಗೆ ಅಡ್ಡ ನಿಂತಿದ್ದಾನೆ. ನೀವು ಹೊರಗಿನವರು, ಹೊರಗೇ ಇರಬೇಕು ಅಂದ. ಯಾರು ಗದರಿದರೂ ಜಗ್ಗಲಿಲ್ಲ. ಸೊಣ್ಣಮ್ಮ ಬಂದು ಅವನ ಕಿವಿ ಹಿಂಡಿದಳು. ಬಾಗಿಲಿಗೆ ಬಂದವರು ಯಾರೇ ಆಗಲಿ, ಕೈಮುಗಿದು ಒಳಗೆ ಕರೆದು ಕೂರಿಸಬೇಕು ಅಂದಳು. ಅದಕ್ಕೂ ಆಗಲಿ ಅಂದ.

ಮಿಸ್ಸಮ್ಮ ನುಡಿಸತೊಡಗಿದಳು. ಪಡುವಲ ಕಿಟಕಿಯಿಂದ ಕೆಂಪು ಬಿಸಿಲು ಬಿದ್ದು ಅವಳ ಬೆರಳುಗಳೇ ಉರಿಯುವಂತೆ ಕಂಡವು. ಅಷ್ಟರಲ್ಲಿ ಸೊಣ್ಣಮ್ಮ ಬಾಗಿಲ ಕಡೆ ತಿರುಗಿ ನೋಡಿದಳು. ಪಿಳ್ಳಪ್ಪ ಕೈಮುಗಿಯುತ್ತಿದ್ದ, ಬನ್ನಿ ಅನ್ನುತ್ತಿದ್ದ, ಒಂದೊಂದೇ ಕುರ್ಚಿ ತೋರಿಸುತ್ತಿದ್ದ. ಹೊಸ್ತಿಲಲ್ಲಿ ಯಾರೂ ಇರಲಿಲ್ಲ. ಆದರೆ ಖಾಲಿ ಕುರ್ಚಿಗಳು ಒಂದಾದ ಮೇಲೊಂದು ಕಿರ್ರಂದವು. ಆಗತಾನೇ ಒರೆಸಿದ ನೆಲದ ಮೇಲೆ ಕೆಸರಿನ ಹೆಜ್ಜೆಗಳು ಮೂಡುತ್ತಾ ಬಂದವು. ನೆಲದಡಿಯ ತಣ್ಣನೆ ಗಾಳಿ ಕೋಣೆ ತುಂಬಿತು. ಡಾಕ್ಟರ ಹೆಂಡತಿ ಸೆರಗು ಹೊದ್ದುಕೊಂಡಳು.

ಯಾರೋ ಇವರು ಅಂತ ಸೊಣ್ಣಮ್ಮ ಮಗನ ಕಿವಿಯಲ್ಲಿ ಕೇಳಿದಳು.

"ಗಣಿಯೋರು ಕಣಮ್ಮ. ಬೆಳಕು ನೋಡೋಕೆ ಬಂದವ್ರೆ."

ಅವಳು ಆ ಕೆಸರಿನ ಹೆಜ್ಜೆಗಳನ್ನು ಮತ್ತೆ ನೋಡಿದಳು. ಪಿಳ್ಳಪ್ಪ ತೊಟ್ಟಿಲಲ್ಲಿದ್ದಾಗ ಒಂದು ಪಾಳಿ ಆಳುಗಳ ಮೇಲೆ ಗಣಿ ಕುಸಿದಿತ್ತು. ಒಬ್ಬರ ಹೆಣವೂ ಮೇಲೆ ಬಂದಿರಲಿಲ್ಲ. ಅವಳ ಗಂಡ ಯರ‍್ರಪ್ಪನದೂ.

ಬಿಸಿಲು ಆರುವುದಕ್ಕೂ ಕೊನೆಯ ಸ್ವರ ಆರುವುದಕ್ಕೂ ಸರಿಹೋಯಿತು. ಜನ ಚಪ್ಪಾಳೆ ತಟ್ಟಿದರು. ಮಿಸ್ಸಮ್ಮ ಅವರಿಗೆ ತಲೆಬಾಗಿ, ಆಮೇಲೆ ಖಾಲಿ ಕುರ್ಚಿಗಳ ಕಡೆಗೂ ತಿರುಗಿ ಇನ್ನಷ್ಟು ಬಾಗಿದಳು. ಊರವರು ಎದ್ದು ಹೋದರು. ಆ ಕುರ್ಚಿಗಳಿಂದ ಯಾರೂ ಎದ್ದ ಸದ್ದಾಗಲಿಲ್ಲ.

ಸೊಣ್ಣಮ್ಮ ಮಗನನ್ನು ಬಾಗಿಲ ಬಳಿಗೆ ಎಳೆದಳು.

"ಮಗಾ, ಇವರು ಎಲ್ಲಿಂದ ಬಂದರೋ ಅಲ್ಲಿಗೇ ಬಿಟ್ಟು ಬಾ," ಅಂದಳು.

ಪಿಳ್ಳಪ್ಪ ಲಾಟೀನು ಹಚ್ಚಿಕೊಂಡು, ಬನ್ನಿ ಬನ್ನಿ ಅನ್ನುತ್ತಾ ಗಣಿಯ ದಾರಿ ಹಿಡಿದ. ಅವನು ಹೋದಮೇಲೆ ಅವಳಿಗೆ ಹೊಳೆಯಿತು. ಬಿಟ್ಟು ಬರಲು ಹೋದವನು ಜೊತೆಯಲ್ಲೇ ಇಳಿದುಬಿಟ್ಟರೆ? ಹಿಂದೆ ಹೋಗಲು ಧೈರ್ಯ ಸಾಲದೆ ಮನೆಗೆ ಓಡಿ, ಬಾಗಿಲಲ್ಲಿ ನಿಂತು ದಾರಿ ನೋಡಿದಳು.

ಲಾಟೀನು ತೂಗುತ್ತಾ ಬಂತು. ಅವಳಿಗೆ ಹೋದ ಜೀವ ಬಂದಂತಾಯಿತು. ಪಿಳ್ಳಪ್ಪ ಅಂಗಳದಲ್ಲಿ ನಿಂತು, ಹಿಂದೆ ಬರುವವರಿಗೆ ದಾರಿ ಕಾಣಲಿ ಅಂತ ದೀಪ ಎತ್ತಿ ಹಿಡಿದ.

"ಎಲ್ಲರನ್ನೂ ಗಣಿ ಬಾಯಿಗೆ ಬಿಟ್ಟೆ ಕಣಮ್ಮ. ಇವರೊಬ್ಬರು ಮಾತ್ರ ಇಳೀಲಿಲ್ಲ. ನೀವು ಎಲ್ಲಿಂದ ಬಂದೋರು ಅಂತ ಕೇಳಿದೆ. ಬೆಳಿಗ್ಗೆ ಸೊಣ್ಣಮ್ಮನ ಮನೆಯಿಂದ ಬಂದೆ ಅಂದರು. ಅದಕ್ಕೇ ಇಲ್ಲಿಗೇ ಬಿಡೋಣ ಅಂತ ಕರ್ಕೊಂಡು ಬಂದೆ."

ಅವನ ಹಿಂದೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಒಂದು ಒದ್ದೆ ಹೆಜ್ಜೆ ಮೂಡಿ ಅಲ್ಲೇ ನಿಂತಿತು.

ಸೊಣ್ಣಮ್ಮ ಆ ಹೆಜ್ಜೆಯನ್ನು ಬಗ್ಗಿ ನೋಡಿದಳು. ತಲೆ ಮೇಲೆ ಸೆರಗು ಎಳೆದುಕೊಂಡು, ಬಾಗಿಲಿನಿಂದ ಪಕ್ಕಕ್ಕೆ ಸರಿದಳು.